ಪರದೇಶಿ ಚಿಲ್ಲರೆ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲು ನಾಲ್ಕು ಸಂಗತಿ ಹೇಳಿ ಮುಗಿಸಬೇಕು: ವಿಷಯ ಯಾವುದು, ಓದುವ ಅಧಿಕಾರ ಯಾರಿಗೆ, ಸಂಬಂಧವೇನು, ಪ್ರಯೋಜನವೇನು. ಪ್ರಕೃತ ಗ್ರಂಥದ ವಿಷಯ, ಮನೆಯ ಬೀರುವಿನೊಳಗೆ ಡಬ್ಬಿಯಲ್ಲಿ ಬಿದ್ದಿರುವ ವಿದೇಶಿ ಚಿಲ್ಲರೆ ನಾಣ್ಯಗಳ ರಾಶಿ. ಅಧಿಕಾರಿಗಳು, ಮಗನೋ ಮಗಳೋ ಹೊರದೇಶದಲ್ಲಿದ್ದು, ಆರು ತಿಂಗಳು ಅಲ್ಲಿ ಮೊಮ್ಮಗುವನ್ನು ಆಡಿಸಿ, ಉಪ್ಪಿನಕಾಯಿ ಬಾಟಲಿ ಖಾಲಿ ಮಾಡಿಕೊಂಡು ಮರಳಿದ ದಂಪತಿಗಳು. ರಾಶಿಗೂ ಅದರ ಒಡೆಯರಿಗೂ ಇರುವುದು ಋಣಾನುಬಂಧ. ಪ್ರಯೋಜನದ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ಅದು ಇದೆಯೋ ಇಲ್ಲವೋ ಎಂಬುದರ ಮೇಲೇ ವಾದವೆಲ್ಲ ನಿಂತಿದೆ.

ಇಲ್ಲಿ ವಿಚಾರಿಸುತ್ತಿರುವುದು ಅಪರೂಪದ ನಾಣ್ಯಗಳನ್ನಲ್ಲ. ಅಪರೂಪದ್ದಕ್ಕೆ ಸಂಗ್ರಾಹಕರಿದ್ದಾರೆ, ಹರಾಜಿದೆ, ವಸ್ತುಸಂಗ್ರಹಾಲಯವಿದೆ. ಅತಿ ಸಾಮಾನ್ಯವಾದ ಪೆನ್ನಿ, ಸೆಂಟು, ಫಿಲ್ಸ್, ಬಾತ್‌ಗಳಿಗೆ ಯಾರೂ ದಿಕ್ಕಿಲ್ಲ. ಈ ಗ್ರಂಥ ಅವುಗಳಿಗಾಗಿ.

ಲಕ್ಷಣ ಪ್ರಕರಣ

ಅಂಗಡಿಯವನು ತೆಗೆದುಕೊಳ್ಳದ, ಒಡೆಯನಿಗೆ ಎಸೆಯಲು ಮನಸ್ಸು ಬಾರದ, ಕಳ್ಳನೂ ಮುಟ್ಟದ ದುಡ್ಡೇ ಪರದೇಶಿ ಚಿಲ್ಲರೆ. ಇದು ಲಕ್ಷಣವಾಕ್ಯ.

ನೈಯಾಯಿಕರು ತಕ್ಷಣ ಅತಿವ್ಯಾಪ್ತಿ ದೋಷ ಎತ್ತುತ್ತಾರೆ. ಅಂಗಡಿಯವನು ತೆಗೆದುಕೊಳ್ಳದಿರುವುದೇ ಲಕ್ಷಣವಾದರೆ, ನಮ್ಮದೇ ಸರ್ಕಾರ ಟಂಕಿಸಿದ ಹತ್ತು ರೂಪಾಯಿ ನಾಣ್ಯವೂ ಪರದೇಶಿಯೇ ಆಗಬೇಕಲ್ಲ? ಆಕ್ಷೇಪ ಬಲವಾಗಿದೆ. ಹದಿನಾಲ್ಕು ಬಗೆಯ ಹತ್ತು ರೂಪಾಯಿ ನಾಣ್ಯಗಳಿವೆ, ಹದಿನಾಲ್ಕೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಪ್ರಕಟಣೆ ಹೊರಡಿಸಿತು. ಅದನ್ನು ಓದಿ ಹೇಳಿದರೂ ನಮ್ಮ ಬೀದಿಯ ತರಕಾರಿಯವನ ಸಿದ್ಧಾಂತ ಬದಲಾಗಲಿಲ್ಲ: "ಹತ್ತರ ಕಾಯಿನ್ ಓಡಲ್ಲ ಸಾರ್, ನೋಟಿದ್ರೆ ಕೊಡಿ." ಆದರೂ ಸಮಾಧಾನವುಂಟು. ಹತ್ತರ ನಾಣ್ಯವನ್ನು ಬಸ್ ಕಂಡಕ್ಟರು ಗೊಣಗುತ್ತಲಾದರೂ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅದೇ ಕಂಡಕ್ಟರಿಗೆ ಲಿಂಕನ್ನನ ಮುಖವಿರುವ ಪೆನ್ನಿ ಕೊಟ್ಟರೆ ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾಗುತ್ತದೆ. ಆದ್ದರಿಂದ ಲಕ್ಷಣ ನಿರ್ದುಷ್ಟ.

ಕಾನೂನೂ ಈ ಲಕ್ಷಣವನ್ನು ಒಪ್ಪುತ್ತದೆ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಇಲ್ಲಿನ ನಿವಾಸಿ ಮನೆಯಲ್ಲಿ ವಿದೇಶಿ ನೋಟು ಇಟ್ಟುಕೊಳ್ಳುವುದಾದರೆ 2000 ಡಾಲರಿನ ಮಿತಿಯಿದೆ. ನಾಣ್ಯಕ್ಕೆ ಯಾವ ಮಿತಿಯೂ ಇಲ್ಲ. ಮೂಟೆ ಕಟ್ಟಿ ಅಟ್ಟದ ಮೇಲೆ ಏರಿಸಿದರೂ ಸರ್ಕಾರ ಕೇಳುವುದಿಲ್ಲ. ಹಣದ ವಿಚಾರದಲ್ಲಿ ಒಂದೊಂದು ಪೈಸೆಗೂ ಲೆಕ್ಕ ಕೇಳುವವರು ಒಂದು ವಸ್ತುವನ್ನು ಎಷ್ಟಾದರೂ ಇಟ್ಟುಕೊಳ್ಳಿ ಎಂದರೆ, ಅವರು ಅದನ್ನು ಹಣವೆಂದೇ ಎಣಿಸಿಲ್ಲ ಎಂದು ಅರ್ಥಾಪತ್ತಿ ಪ್ರಮಾಣದಿಂದ ಸಿದ್ಧವಾಗುತ್ತದೆ.

ಉತ್ಪತ್ತಿ ಪ್ರಕರಣ

ರಾಶಿ ಹುಟ್ಟುವುದು ಹೇಗೆ? ಅಮೆರಿಕದ ರಾಶಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಏಕೆಂದರೆ ಕರ್ನಾಟಕದ ಡಬ್ಬಿಗಳಲ್ಲಿ ಸಿಂಹಪಾಲು ಅದರದ್ದೇ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ವಸ್ತುವಿನ ಮೇಲೆ ಅಂಟಿಸಿದ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಗಲ್ಲಾದ ಹತ್ತಿರ ಹೋದಮೇಲೆ ಸೇರುತ್ತದೆ. 4 ಡಾಲರ್ 99 ಸೆಂಟ್ ಎಂದು ನಂಬಿ ಐದರ ನೋಟು ಹಿಡಿದು ನಿಂತ ಹಿರಿಯರು, ಯಂತ್ರ ಮತ್ತೇನೋ ಅಂಕಿ ತೋರಿಸಿದ್ದನ್ನು ಕಂಡು ಹತ್ತರ ನೋಟು ತೆಗೆಯುತ್ತಾರೆ. ಮರಳಿ ಬರುವುದೆಲ್ಲ ಚಿಲ್ಲರೆ.

ಮುಂದಿನ ಸಲ ಆ ಚಿಲ್ಲರೆಯನ್ನೇ ಕೊಡಬಹುದಲ್ಲ ಎಂದರೆ, ಕೊಡಲಾಗದಂತೆ ಆ ದೇಶದ ಟಂಕಸಾಲೆ ಮೊದಲೇ ಏರ್ಪಾಡು ಮಾಡಿಟ್ಟಿದೆ. ಡೈಮ್ ಎಂಬ ಹತ್ತು ಸೆಂಟಿನ ನಾಣ್ಯದ ಮೇಲೆ 10 ಎಂಬ ಅಂಕಿಯೇ ಇಲ್ಲ, 'ಒನ್ ಡೈಮ್' ಎಂದಷ್ಟೇ ಇದೆ. ಕ್ವಾರ್ಟರಿನ ಮೇಲೆ 25 ಇಲ್ಲ. ಐದು ಸೆಂಟಿನ ನಿಕಲ್ ದೊಡ್ಡದು, ಹತ್ತು ಸೆಂಟಿನ ಡೈಮ್ ಅದಕ್ಕಿಂತ ಚಿಕ್ಕದು. ಇದಕ್ಕೆ ಕಾರಣವುಂಟು. ಡೈಮ್ ಹಿಂದೆ ಬೆಳ್ಳಿಯದಾಗಿತ್ತು, ಬೆಳ್ಳಿಯ ಬೆಲೆಗೆ ತಕ್ಕ ಗಾತ್ರ ಅದರದ್ದು. 1965ರ ಕಾಯಿದೆಯಲ್ಲಿ ಬೆಳ್ಳಿ ಹೋಯಿತು, ಗಾತ್ರ ಉಳಿಯಿತು. ಆದರೆ ಹಿಂದೆ ಐದು ಜನ ಸಾಲುಗಟ್ಟಿ ನಿಂತಿರುವಾಗ ಈ ಇತಿಹಾಸ ನೆನಪಿಗೆ ಬರುವುದಿಲ್ಲ. ದೊಡ್ಡದಕ್ಕೆ ಹೆಚ್ಚು ಬೆಲೆ ಎಂಬ ಲೋಕಾನುಭವ ನೆಚ್ಚಿಕೊಂಡು ಅರುವತ್ತು ವರ್ಷ ಬಾಳಿದವರು ಅಂಗೈ ಬಿಡಿಸಿ, "ನೀನೇ ಆರಿಸಿಕೊಳ್ಳಮ್ಮ" ಎಂದು ಗಲ್ಲಾದ ಹುಡುಗಿಯ ಮುಂದೆ ಒಡ್ಡುತ್ತಾರೆ. ಎರಡು ಸಲ ಹೀಗಾದಮೇಲೆ ಮಾನ ಅಡ್ಡ ಬರುತ್ತದೆ. ಅಲ್ಲಿಂದ ಮುಂದೆ ನೋಟೇ ಗತಿ. ನೋಟು ಕೊಟ್ಟಷ್ಟೂ ಕೋಟಿನ ಜೇಬು ಜೋತುಬೀಳುತ್ತದೆ. ಹೊರಡುವ ಹಿಂದಿನ ರಾತ್ರಿ ಅದೆಲ್ಲ ಒಂದು ಕಾಲುಚೀಲದೊಳಗೆ ಸೇರಿ ಸೂಟ್‌ಕೇಸಿನ ಮೂಲೆಯಲ್ಲಿ ಕೂತು ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿಯುತ್ತದೆ.

ಯುರೋಪಿನವರು ಈ ವಿಷಯದಲ್ಲಿ ಸಜ್ಜನರು. ಯೂರೋ ನಾಣ್ಯಗಳ ಮೇಲೆ ಅಂಕಿ ದಪ್ಪವಾಗಿದೆ, ಗಾತ್ರ ಬಣ್ಣ ಅಂಚು ಎಲ್ಲವೂ ಬೇರೆ ಬೇರೆ. ಆದರೂ ಅಲ್ಲಿಂದ ರಾಶಿ ಬರುತ್ತದೆ. ಎಂಟು ನಗರ ಒಂಬತ್ತು ದಿನದ ಪ್ಯಾಕೇಜಿನಲ್ಲಿ ಶೌಚಾಲಯಕ್ಕೆ ದುಡ್ಡು ಕೊಡಬೇಕೆಂದು ಹೆದರಿ ಎಲ್ಲರೂ ಚಿಲ್ಲರೆ ಕೂಡಿಟ್ಟಿರುತ್ತಾರೆ. ಹೆದರಿದಷ್ಟು ಬಾರಿ ಹೋಗುವ ಪ್ರಸಂಗ ಬರುವುದಿಲ್ಲ.

ವರ್ಗ ಪ್ರಕರಣ

ಲೋಹ, ದೇಶ, ಗಾತ್ರ ಎಂದು ವಿಂಗಡಿಸುವುದು ಬಾಲಿಶ. ಶಾಸ್ತ್ರೀಯ ವಿಭಾಗ ಆಯುಸ್ಸಿನ ಮೇಲೆ ನಡೆಯಬೇಕು: ಜೀವಂತ, ಮೃತ, ಜೀವನ್ಮೃತ.

ಕ್ವಾರ್ಟರು, ಯೂರೋ, ದಿರ್ಹಂ ಜೀವಂತ. ತಂತಮ್ಮ ದೇಶಕ್ಕೆ ಮರಳಿದರೆ ಎದ್ದು ಓಡಾಡುವಂಥವು. ಇಟಲಿಯ ಲಿರಾ, ಫ್ರಾನ್ಸಿನ ಫ್ರಾಂಕ್ ಮೃತ. ಫ್ರಾಂಕ್ ನಾಣ್ಯಗಳನ್ನು ಯೂರೋಗೆ ಬದಲಿಸಿಕೊಳ್ಳುವ ಗಡುವು 2005ರ ಫೆಬ್ರುವರಿ 17ಕ್ಕೇ ಮುಗಿಯಿತು. ಇನ್ನು ಅವು ಫ್ರಾನ್ಸಿನಲ್ಲೂ ಬರೀ ಬಿಲ್ಲೆಗಳು. ಬ್ರಿಟನ್ನಿನ ದುಂಡು ಪೌಂಡ್ 2017ರ ಅಕ್ಟೋಬರ್ 15ರಂದು ಅಂಗಡಿಗಳಲ್ಲಿ ನಿಂತುಹೋಯಿತು. ಈಗ ನಡೆಯುವುದು ಹನ್ನೆರಡು ಮೂಲೆಯದು. ಅಲ್ಲಿ ಖಾತೆಯುಳ್ಳವರು ಹಳೆಯದನ್ನು ಬ್ಯಾಂಕಿಗೆ ಕಟ್ಟಬಹುದಾದ್ದರಿಂದ ಅದನ್ನು ಪೂರ್ತಿ ಮೃತವೆನ್ನುವ ಹಾಗಿಲ್ಲ.

ಜೀವನ್ಮೃತ ವರ್ಗದ ಪರಮೋದಾಹರಣೆ ಜರ್ಮನಿಯ ಮಾರ್ಕು. ಯೂರೋ ನಾಣ್ಯ ಕೈಗೆ ಬಂದ 2002ರಲ್ಲೇ ಅದರ ಚಲಾವಣೆ ಮುಗಿದರೂ ಆ ದೇಶದ ಕೇಂದ್ರ ಬ್ಯಾಂಕು ಇಂದಿಗೂ ಅದನ್ನು ಬದಲಿಸಿಕೊಡುತ್ತದೆ. ನೋಟನ್ನಷ್ಟೇ ಅಲ್ಲ, ನಾಣ್ಯವನ್ನೂ. ಗಡುವೇ ಇಲ್ಲ. ದರವೂ ದಶಮಾಂಶ ಐದು ಸ್ಥಾನದವರೆಗೆ ನಿಗದಿಯಾಗಿದೆ: ಒಂದು ಯೂರೋಗೆ 1.95583 ಮಾರ್ಕು. ಎಂದೋ ತೀರಿಕೊಂಡವರ ಹೆಸರಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ಪಿಂಡ ಇಡುವ ವಂಶ ನಮ್ಮಲ್ಲೂ ವಿರಳ.

ಅಮೆರಿಕದ ಪೆನ್ನಿಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ಸದ್ಯದ ಸಂಕಟ. 1982ರಿಂದೀಚೆಗೆ ಅದು ಹೆಸರಿಗೆ ತಾಮ್ರ. ಒಳಗೆ ನೂರಕ್ಕೆ 97.5 ಪಾಲು ಸತು, ಮೇಲೆ ತೆಳ್ಳಗೆ ತಾಮ್ರದ ಲೇಪ. ಒಂದು ಸೆಂಟಿನ ಈ ನಾಣ್ಯ ಟಂಕಿಸಲು ಮೂರೂವರೆ ಸೆಂಟಿಗೂ ಹೆಚ್ಚು ಖರ್ಚಾಗುತ್ತಿತ್ತು. ಚಲಾವಣೆಗೆಂದು ಕೊನೆಯ ಪೆನ್ನಿ ಟಂಕಿಸಿದ್ದು 2025ರ ನವೆಂಬರಿನಲ್ಲಿ, ಫಿಲಡೆಲ್ಫಿಯಾದಲ್ಲಿ. ಕೈಯಲ್ಲಿರುವುದು ಈಗಲೂ ನಡೆಯುತ್ತದೆ, ಹೊಸದು ಹುಟ್ಟುವುದಿಲ್ಲ. ಈ ಸುದ್ದಿ ಓದಿದೊಡನೆ ನಮ್ಮ ಪರಿಚಯದ ನಿವೃತ್ತ ಅಧಿಕಾರಿಯೊಬ್ಬರು ಡಬ್ಬಿಯಿಂದ ಪೆನ್ನಿಗಳನ್ನೆಲ್ಲ ಹೆಕ್ಕಿ ಬ್ಯಾಂಕ್ ಲಾಕರಿಗೆ ಸಾಗಿಸಿದರು. ನೂರು ಪೆನ್ನಿಗೆ ತೂಕ ಕಾಲು ಕಿಲೋ, ಬೆಲೆ ಒಂದು ಡಾಲರು. ಲಾಕರಿನ ಬಾಡಿಗೆ ಎಷ್ಟೆಂದು ಅವರ ಶ್ರೀಮತಿಯವರನ್ನು ಕೇಳಬೇಕು.

ಇಲ್ಲಿ ಗ್ರಂಥಕರ್ತನು ಸ್ವಲ್ಪ ಹೊತ್ತು ದಾರಿ ತಪ್ಪಲು ಅನುಮತಿ ಬೇಡುತ್ತಾನೆ. ವರ್ಗೀಕರಣಕ್ಕೆಂದು ರಾಶಿಯನ್ನು ಹಾಸಿನ ಮೇಲೆ ಸುರಿದವನು ಅಂದಿನ ಮಧ್ಯಾಹ್ನ ಬೇರೆ ಕೆಲಸಕ್ಕೆ ಬರುವುದಿಲ್ಲ. ಬ್ರಿಟನ್ನಿನಲ್ಲಿ 2008ರಲ್ಲಿ ಮ್ಯಾಥ್ಯೂ ಡೆಂಟ್ ಎಂಬ ಯುವಕ ರೂಪಿಸಿದ ಚಿಲ್ಲರೆಯಿದೆಯಲ್ಲ, ಅದರಲ್ಲಿ ಒಂದು ಪೆನ್ನಿಯಿಂದ ಐವತ್ತು ಪೆನ್ಸಿನವರೆಗೆ ಆರು ನಾಣ್ಯಗಳ ಮೇಲೂ ಅರ್ಥವಾಗದ ಗೆರೆಗಳು, ಅರ್ಧ ಸಿಂಹ, ಕಿನ್ನರಿಯ ತಂತಿ. ಆರನ್ನೂ ಸರಿಯಾಗಿ ಜೋಡಿಸಿದರೆ ಅರಮನೆಯ ಲಾಂಛನದ ಗುರಾಣಿ ಪೂರ್ತಿ ಮೂಡುತ್ತದೆ. ನಮ್ಮ ರಾಶಿಯಲ್ಲಿ ಇಪ್ಪತ್ತು ಪೆನ್ಸಿನದು ಇಲ್ಲ. ಗುರಾಣಿಯ ಬಲಬದಿಯಲ್ಲಿ ಏಳು ಮೂಲೆಯ ಒಂದು ಕಂಡಿ. ಅದಕ್ಕೆ ಥಾಯ್ಲೆಂಡಿನ ಬಾತ್ ಇಟ್ಟು ನೋಡಿದೆವು, ಕೂರಲಿಲ್ಲ. ಜಪಾನಿನ ಒಂದು ಯೆನ್ ಅಚ್ಚ ಅಲ್ಯೂಮಿನಿಯಂ, ತೂಕ ಸರಿಯಾಗಿ ಒಂದು ಗ್ರಾಂ. ಲೋಟದ ನೀರಿನ ಮೇಲೆ ಮೆಲ್ಲಗೆ ಮಲಗಿಸಿದರೆ ತೇಲುತ್ತದೆ. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಹಿಡಿದರೆ ಯೂರೋದ 1, 2, 5 ಸೆಂಟು ಟಪ್ಪೆಂದು ಅಂಟುತ್ತವೆ, ಏಕೆಂದರೆ ಅವು ತಾಮ್ರ ಹೊದ್ದ ಉಕ್ಕು. ಹಳದಿಯಾಗಿ ಹೊಳೆಯುವ 10, 20, 50 ಸೆಂಟು ಮುಖ ತಿರುಗಿಸುತ್ತವೆ. ಆ ಹಳದಿ ಲೋಹಕ್ಕೆ ನಾರ್ಡಿಕ್ ಗೋಲ್ಡ್ ಎಂದು ಹೆಸರು. ಅದರಲ್ಲಿ ಚಿನ್ನ ಎಳ್ಳಷ್ಟೂ ಇಲ್ಲ; ತಾಮ್ರ, ಅಲ್ಯೂಮಿನಿಯಂ, ಸತು, ತವರ, ಅಷ್ಟೇ.

ಪೂರ್ವಪಕ್ಷ ಪ್ರಕರಣ

ರಾಶಿಯ ಗತಿಯ ಬಗ್ಗೆ ಲೋಕದಲ್ಲಿ ನಾನಾ ಮತಗಳಿವೆ.

ಮೊದಲನೆಯವರು ವಿನಿಮಯವಾದಿಗಳು. ವಿದೇಶಿ ಹಣ ಬದಲಿಸುವ ಅಂಗಡಿಯಲ್ಲಿ ಕೊಟ್ಟು ರೂಪಾಯಿ ಪಡೆಯಿರಿ ಎನ್ನುತ್ತಾರೆ. ಇವರು ಯಾರೂ ಅಂಗಡಿಗೆ ಹೋದವರಲ್ಲ. ಹೋದವರ ಅನುಭವ ಹೀಗೆ: ಗಾಜಿನ ಕಿಂಡಿಯ ಹಿಂದಿನ ಹುಡುಗ ನೋಟುಗಳನ್ನು ನಯವಾಗಿ ಎಳೆದುಕೊಳ್ಳುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಮೂಲೆ ಮಡಿಚಿದ್ದರೆ ಬೆರಳಿನಿಂದ ತೀಡುತ್ತಾನೆ. ನಾಣ್ಯಗಳನ್ನು ಪೆನ್ನಿನ ಹಿಂಬದಿಯಿಂದ ಕಿಂಡಿಯಾಚೆಗೆ ಸರಿಸುತ್ತಾನೆ. ಕೈಯಿಂದ ಮುಟ್ಟುವುದೂ ಇಲ್ಲ. "ಕಾಯಿನ್ಸ್ ತಗೊಳಲ್ಲ ಸಾರ್." ಅವನದು ತಪ್ಪಲ್ಲ. ನೋಟಿನ ಕಟ್ಟನ್ನು ಇನ್ನೊಬ್ಬ ಪ್ರಯಾಣಿಕನಿಗೆ ಮಾರಬಹುದು; ಡೈಮು ನಿಕಲ್ಲುಗಳನ್ನು ಎಣಿಸಿ, ಮೂಟೆ ಕಟ್ಟಿ, ಸಮುದ್ರ ದಾಟಿಸುವ ಖರ್ಚು ಅವುಗಳ ಬೆಲೆಯನ್ನೇ ನುಂಗಿಬಿಡುತ್ತದೆ. ಈ ಮತದ ಖಂಡನೆಯಾಯಿತು.

ಎರಡನೆಯವರು ಕುಬೇರವಾದಿಗಳು. ಇವರ ಪ್ರಮಾಣಗ್ರಂಥ ಮೊಬೈಲು. ಹಳೆಯ ನಾಣ್ಯ ಕೊಟ್ಟು ಲಕ್ಷ ಎಣಿಸಿದವನ ವಿಡಿಯೋ ಇವರಿಗೆ ಪ್ರತಿದಿನ ಬೆಳಗ್ಗೆ ಯಾರೋ ಕಳಿಸುತ್ತಾರೆ. ಹಳೆಯ ನೋಟು ನಾಣ್ಯಗಳನ್ನು ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿಕೊಂಡು ಶುಲ್ಕ ಕೀಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಕುಬೇರವಾದಿಗಳಿಗೆ ನಾವು ಕೊಡುವ ರಿಯಾಯಿತಿ ಒಂದೇ: ಇಸವಿ ನೋಡಿ. ಅಮೆರಿಕದ ಡೈಮು, ಕ್ವಾರ್ಟರುಗಳ ಮೇಲೆ 1964 ಅಥವಾ ಅದಕ್ಕೂ ಹಿಂದಿನ ಇಸವಿಯಿದ್ದರೆ ಅವು ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಬ್ರಿಟನ್ನಿನ ಶಿಲಿಂಗು 1946ರದೋ ಅದಕ್ಕೆ ಮೊದಲಿನದೋ ಆದರೆ ಅದರಲ್ಲೂ ಬೆಳ್ಳಿಯುಂಟು. ಉಳಿದವುಗಳನ್ನು ನಾಣ್ಯ ವ್ಯಾಪಾರಿಗಳು ಕೊಳ್ಳುವುದು ಆಲೂಗಡ್ಡೆಯಂತೆ ಕಿಲೋ ಲೆಕ್ಕದಲ್ಲಿ. ಮತ್ತೊಂದು ಮಾತು: ಬೆಲೆ ಬರಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಬ್ಬದ ಹಿಂದಿನ ದಿನ ದೀಪದ ಕಂಬದ ಜೊತೆ ನಾಣ್ಯಗಳನ್ನೂ ತೊಳೆದಿಟ್ಟ ಮನೆಗಳಿವೆ. ತಿಕ್ಕಿದ ನಾಣ್ಯವನ್ನು ಸಂಗ್ರಾಹಕ ಕಣ್ಣೆತ್ತಿ ನೋಡುವುದಿಲ್ಲ.

ಮೂರನೆಯವರು ಹುಂಡಿವಾದಿಗಳು. ಯಾರಿಗೂ ಬೇಡದ್ದು ದೇವರಿಗೆ ಎಂಬುದು ಇವರ ಸೂತ್ರ. ನಮ್ಮ ದೊಡ್ಡ ಕ್ಷೇತ್ರಗಳಲ್ಲಿ ಹುಂಡಿ ಎಣಿಕೆಯಾದ ಮರುದಿನ ಪತ್ರಿಕೆಯಲ್ಲಿ ನಗದು ಇಷ್ಟು, ಚಿನ್ನ ಇಷ್ಟು, ಬೆಳ್ಳಿ ಇಷ್ಟು ಎಂದಾದಮೇಲೆ ಕೊನೆಯ ಸಾಲಿನಲ್ಲಿ ವಿದೇಶಿ ಕರೆನ್ಸಿಯೂ ಸಿಕ್ಕಿದೆ ಎಂದಿರುತ್ತದೆ. ಆ ಕೊನೆಯ ಸಾಲಿನಲ್ಲಿ ನಮ್ಮಂಥವರ ಪಾಪ ಅಡಗಿದೆ. ಕಿಂಡಿಯ ಹಿಂದಿನ ಹುಡುಗ ತೆಗೆದುಕೊಳ್ಳದ್ದನ್ನು ದೇವಸ್ಥಾನದ ಗುಮಾಸ್ತ ಯಾರಿಗೆ ಕೊಡಬೇಕು? ಜಪಾನಿನಲ್ಲಿ ನಡುವೆ ತೂತಿರುವ 5 ಯೆನ್ ನಾಣ್ಯವನ್ನು ದೇವಾಲಯದ ಪೆಟ್ಟಿಗೆಗೆ ಹಾಕುವುದು ಶುಭವೆಂದು ನಂಬುತ್ತಾರೆ. ಆದರೆ ಅದು ಅಲ್ಲಿನ ದೇವರು, ಅಲ್ಲಿನ ದುಡ್ಡು, ಅಲ್ಲಿನ ಬ್ಯಾಂಕು.

ನಾಲ್ಕನೆಯವರು ಉಪಯೋಗವಾದಿಗಳು. ಇವರಲ್ಲಿ ಕೊಂಚ ಸತ್ತ್ವವಿದೆ. ರಿಮೋಟಿನ ಬ್ಯಾಟರಿ ಮುಚ್ಚಳ ತೆರೆಯಲು ಡೈಮಿನಷ್ಟು ತೆಳುವಾದ ಸಾಧನ ಮನೆಯಲ್ಲಿ ಮತ್ತೊಂದಿಲ್ಲ. ನಿಕಲ್ ಸರಿಯಾಗಿ ಐದು ಗ್ರಾಂ, ಪೆನ್ನಿ ಎರಡೂವರೆ, ಯೆನ್ ಒಂದು. ಏಲಕ್ಕಿ ತೂಗಲು ಬೇರೆ ಬಟ್ಟು ಬೇಡ. ಅಳತೆ ಮತ್ತು ತೂಕ ಇಲಾಖೆಯವರಿಗೆ ಹೇಳಬೇಡಿ. ಚೌಕಾಬಾರದ ಕಾಯಿಗಳಾಗಿಯಂತೂ ಇವು ಉತ್ತಮ. ಅಜ್ಜಿಗೆ ಯೂರೋ, ಮೊಮ್ಮಗನಿಗೆ ಡಾಲರು. ಅಜ್ಜಿ ಹೊಡೆದ ಕಾಯಿ ಅಮೆರಿಕಕ್ಕೆ ವಾಪಸು. ಆದರೆ ಚೌಕಾಬಾರಕ್ಕೆ ಬೇಕಾದ್ದು ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಡಬ್ಬಿಯಲ್ಲಿರುವುದು ಎರಡು ಕಿಲೋ.

ಐದನೆಯದು ಗೃಹಿಣೀಮತ. ಇದು ಏಕವಾಕ್ಯ ದರ್ಶನ: "ರೀ, ಆ ಡಬ್ಬಿ ಖಾಲಿ ಮಾಡಿಕೊಡಿ, ಚಕ್ಕುಲಿ ತುಂಬಿಸಿಡಬೇಕು." ಇದಕ್ಕೆ ಇದುವರೆಗೆ ಯಾವ ಪಂಡಿತನೂ ಖಂಡನೆ ಬರೆದಿಲ್ಲ.

ಇತಿಹಾಸ ಪ್ರಕರಣ

ಸಮಸ್ಯೆ ಹೊಸದಲ್ಲ. 1891ರಲ್ಲಿ ಯಶವಂತಪುರದಲ್ಲಿ ಭೂಮಿ ಅಗೆದಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು, ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು. ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಅವರು ಉತ್ಖನನ ನಡೆಸಿದಾಗಲೂ ರೋಮನ್ ನಾಣ್ಯ ಸಿಕ್ಕಿದ್ದುಂಟು. ಮೆಣಸಿಗೂ ಮಣಿಗೂ ಬಟ್ಟೆಗೂ ಪ್ರತಿಯಾಗಿ ರೋಮಿನ ಬೆಳ್ಳಿ ಬಂಗಾರ ಇತ್ತ ಹರಿದುಬಂತು ಎಂದು ಇತಿಹಾಸಕಾರರು ಹೇಳುತ್ತಾರೆ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಭಾರತಕ್ಕೆ ಸೋರಿಹೋಗುತ್ತಿದೆ ಎಂದು ಅಲ್ಲಿನ ಲೇಖಕ ಪ್ಲಿನಿ ಮೊದಲನೆಯ ಶತಮಾನದಲ್ಲೇ ಗೋಳಾಡಿಕೊಂಡಿದ್ದಾನೆ. ಇದೆಲ್ಲ ಸರಿ. ಆದರೆ ಅಷ್ಟು ಬೆಳ್ಳಿಯನ್ನು ಯಶವಂತಪುರದವನು ಮಣ್ಣಿನಲ್ಲಿ ಹೂತದ್ದೇಕೆ? ಕಳ್ಳರ ಭಯ, ಯುದ್ಧದ ಭಯ ಎಂದು ವಿದ್ವಾಂಸರ ಊಹೆ. ಅಂದಿನ ವಿನಿಮಯದ ಕಟ್ಟೆಯಲ್ಲೂ ಒಬ್ಬ ಹುಡುಗ ಕೂತಿದ್ದನೆಂಬ ನಮ್ಮ ಊಹೆಯನ್ನೂ ಪಂಡಿತರು ಗಮನಿಸಬೇಕು.

ಈ ಇತಿಹಾಸವನ್ನೇ ಹಿಡಿದು ಆಭರಣವಾದಿಗಳು ಎದ್ದುನಿಲ್ಲುತ್ತಾರೆ. ದಕ್ಷಿಣ ಭಾರತದಲ್ಲಿ ಸಿಕ್ಕ ಎಷ್ಟೋ ರೋಮನ್ ಚಿನ್ನದ ನಾಣ್ಯಗಳಲ್ಲಿ ದಾರ ಪೋಣಿಸುವ ತೂತುಗಳಿವೆ. ವೆನಿಸ್ ನಗರದವರು 1284ರಲ್ಲಿ ಮೂರೂವರೆ ಗ್ರಾಂ ಚೊಕ್ಕ ಚಿನ್ನದ ಡುಕಾಟ್ ಹೊರತಂದರು. ಅದರ ಮೇಲೆ ಸಂತನೊಬ್ಬ, ಅವನೆದುರು ಮಂಡಿಯೂರಿದ ದೊರೆ. ನಮ್ಮ ಹೆಂಗಸರು ಸಂತನನ್ನೂ ವಿಚಾರಿಸಲಿಲ್ಲ, ದೊರೆಯನ್ನೂ ವಿಚಾರಿಸಲಿಲ್ಲ. ಗೊಂಬೆ ಚೆನ್ನಾಗಿದೆಯೆಂದು ಪುತ್ಥಳಿ ಸರ ಮಾಡಿಸಿಕೊಂಡರು. ಇಂಗ್ಲೆಂಡಿನ ಸಾವರಿನ್ ಬಂತು; 7.98 ಗ್ರಾಮಿನ ಅದು ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಪವನ್ ಆಗಿ ಎಂಟು ಗ್ರಾಮಿನ ಲೆಕ್ಕದಲ್ಲಿ ಇಂದಿಗೂ ಅಕ್ಕಸಾಲಿಗರ ತಕ್ಕಡಿಯಲ್ಲಿ ಕೂತಿದೆ. ಯಾವ ದೇಶದ ಚಿಲ್ಲರೆಗೂ ನಮ್ಮಲ್ಲಿ ಸಿಕ್ಕ ಅತಿ ದೊಡ್ಡ ಗೌರವ ಇದು. ಆದರೆ ಆ ಪರಂಪರೆ ಚಿನ್ನದ್ದು. ಸತುವಿನ ಮೇಲೆ ತಾಮ್ರ ಬಳಿದ ಲಿಂಕನ್ನರ ಸರವನ್ನು ಮದುವೆಮನೆಗೆ ಹಾಕಿಕೊಂಡು ಬರುವ ಧೈರ್ಯ ಯಾವ ಸೊಸೆಗಿದೆ?

ಒಂದು ಕಾಲದಲ್ಲಿ ಈ ಬಾಧೆಯೇ ಇರಲಿಲ್ಲವೆಂಬುದನ್ನೂ ದಾಖಲಿಸಬೇಕು. ಕುವೈತ್, ಬಹರೈನ್, ಕತಾರ್, ದುಬೈಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಲ್ಲಿ ವಿದೇಶಿ ವಿನಿಮಯ ಸೋರತೊಡಗಿದ್ದರಿಂದ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ನೋಟು ಮುದ್ರಿಸಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮದೇ ದಿನಾರ್ ತಂದವು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಕತಾರ್, ದುಬೈಗಳೂ ಕೈಬಿಟ್ಟವು. ಒಮಾನಿನಲ್ಲಿ ಮಾತ್ರ ರಿಯಾಲಿನ ಸಾವಿರದಲ್ಲೊಂದು ಭಾಗವನ್ನು ಇಂದಿಗೂ ಬೈಸಾ ಎನ್ನುತ್ತಾರೆ, ಅದು ನಮ್ಮ ಪೈಸೆಯೇ. ಮಸ್ಕತ್ತಿನಿಂದ ರಜೆಗೆ ಬಂದ ಮಂಗಳೂರಿಗನ ಜೇಬಿನಿಂದ ಬೀಳುವ ಬೈಸಾವನ್ನು ನಮ್ಮ ಅಂಗಡಿಯವನು ತೆಗೆದುಕೊಳ್ಳುವುದಿಲ್ಲ. ಪೈಸೆಯನ್ನೇ ತೆಗೆದುಕೊಳ್ಳದವನು ಬೈಸಾ ಯಾಕೆ ತೆಗೆದುಕೊಂಡಾನು?

ಸಿದ್ಧಾಂತ

ನಾಣ್ಯವನ್ನು ರೂಪಾಯಿ ಮಾಡಲು ಹೊರಡುವುದೇ ಮೂಲ ಅವಿದ್ಯೆ. ನಾಣ್ಯ ಇಲ್ಲಿ ಕಸ, ಅಲ್ಲಿ ದುಡ್ಡು. ಆದ್ದರಿಂದ ಅದು ಬದಲಾಗಬೇಕಾಗಿಲ್ಲ, ಪ್ರಯಾಣ ಮಾಡಬೇಕು.

ಪ್ರಯಾಣ ಮಾಡಿಸಲು ಎರಡು ಮಾರ್ಗ. ಮೊದಲನೆಯದು ಯುನಿಸೆಫ್ ಸಂಸ್ಥೆಯದು. 1987ರಿಂದ ಅದು ಕೆಲವು ವಿಮಾನ ಕಂಪನಿಗಳ ಜೊತೆ ಸೇರಿ ಪ್ರಯಾಣಿಕರ ಉಳಿದ ಚಿಲ್ಲರೆಯನ್ನು ಲಕೋಟೆಗಳಲ್ಲಿ ಸಂಗ್ರಹಿಸಿ ಮಕ್ಕಳ ಕೆಲಸಕ್ಕೆ ಬಳಸುತ್ತಿದೆ. ಅತ್ಯುತ್ತಮ ಮಾರ್ಗ. ತೊಡಕು ಒಂದೇ: ಗಗನಸಖಿ ಲಕೋಟೆ ಹಿಡಿದು ಬರುವ ಹೊತ್ತಿಗೆ ನಾಣ್ಯವಿರುವ ಕಾಲುಚೀಲ ವಿಮಾನದ ಹೊಟ್ಟೆಯಲ್ಲಿರುತ್ತದೆ. ಆದ್ದರಿಂದ ಕಾಲುಚೀಲವನ್ನು ಕೈಚೀಲಕ್ಕೆ ವರ್ಗಾಯಿಸಿಕೊಳ್ಳುವುದು ಬುದ್ಧಿವಂತರ ಲಕ್ಷಣ.

ಎರಡನೆಯದು ಹೊರಡುವವರ ಕೈಗೆ ಕೊಡುವುದು. ಜರ್ಮನಿಯ ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ಬಿಡಿಸಿಕೊಳ್ಳಬೇಕಾದರೆ ಅದರ ಹಿಡಿಯೊಳಗೆ ಒಂದು ಯೂರೋ ನಾಣ್ಯ ತುರುಕಬೇಕು. ಹೊಸದಾಗಿ ಬಂದಿಳಿದವನ ಹತ್ತಿರ ಕಾರ್ಡಿರುತ್ತದೆ, ನೋಟಿರುತ್ತದೆ, ಆ ಒಂದು ನಾಣ್ಯವಿರುವುದಿಲ್ಲ. ಅಮೆರಿಕದಲ್ಲಿ ಹುಡುಗರು ಬಾಡಿಗೆಗಿರುವ ಅನೇಕ ಕಟ್ಟಡಗಳ ಬಟ್ಟೆ ಒಗೆಯುವ ಯಂತ್ರ ಈಗಲೂ ಕ್ವಾರ್ಟರನ್ನೇ ಕೇಳುತ್ತದೆ. ಅಪರಿಚಿತ ಊರಿನಲ್ಲಿ ಮೊದಲ ಭಾನುವಾರ ಕೊಳೆ ಬಟ್ಟೆಯ ಗಂಟಿನೊಂದಿಗೆ ಯಂತ್ರದ ಮುಂದೆ ನಿಂತ ಹುಡುಗನಿಗೆ ಎಂಟು ಕ್ವಾರ್ಟರು ಎರಡು ಡಾಲರಿಗಿಂತ ಹೆಚ್ಚು ಬೆಲೆಬಾಳುತ್ತವೆ. ಗ್ರಂಥಾರಂಭದಲ್ಲಿ ಬಾಕಿ ಉಳಿಸಿಕೊಂಡ ಪ್ರಯೋಜನ ಇದೇ.

ಅದರಂತೆ ನಮ್ಮ ರಾಶಿಯನ್ನು ದೇಶವಾರು ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಟಿ ಅಂಟಿಸಲಾಗಿದೆ. ಈ ಆಗಸ್ಟಿನಲ್ಲಿ ಎಂ.ಎಸ್. ಓದಲು ಹೊರಟ ಮಕ್ಕಳು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಸಂಕೋಚವಿಲ್ಲದೆ ಕಳಿಸಿಕೊಡಿ. ಡಾಲರಿಗೆ ಡಾಲರ್ ಕೇಳುವುದಿಲ್ಲ, ಕಾಫಿ ಕೊಟ್ಟು ಕಳಿಸುತ್ತೇವೆ. ಒಂದೇ ಷರತ್ತು: ಕ್ವಾರ್ಟರ್ ಒಯ್ಯುವವರು ಅಷ್ಟೇ ತೂಕದ ಪೆನ್ನಿಗಳನ್ನೂ ಕಡ್ಡಾಯವಾಗಿ ಒಯ್ಯತಕ್ಕದ್ದು.